ಕೊಕ್ಕು ಯಾರದು?

ಬಣ್ಣ ಬದಲಿಸುವವನನ್ನು ಬೈಯುವುದು ಸುಲಭ. ಗೋಸುಂಬೆ ಎನ್ನುತ್ತೇವೆ, ಗಾಳಿ ಬಂದಾಗ ತೂರಿಕೊಳ್ಳುವವನು ಎನ್ನುತ್ತೇವೆ. ಪರಊರಿಗೆ ಕೆಲಸಕ್ಕೆ ಹೊರಟ ಮಗನಿಗೆ ಮಾತ್ರ ಅದೇ ಬಾಯಲ್ಲಿ ‘ದೇಶಕ್ಕೆ ತಕ್ಕ ವೇಷ’ ಎಂದು ಬುದ್ಧಿ ಹೇಳಿ ಬಸ್ಸು ಹತ್ತಿಸುತ್ತೇವೆ. ಬೈಗುಳವಾಗಲಿ, ಬುದ್ಧಿಮಾತಾಗಲಿ, ಎರಡೂ ಬಣ್ಣ ಬದಲಿಸುವವನ ಬೆನ್ನಿಗೇ ಬೀಳುತ್ತವೆ. ಯಾರ ಕಣ್ಣಿಗೆ ಹೆದರಿ ಅವನು ಬದಲಿಸಿದ ಎಂದು ಯಾವುದೂ ಕೇಳುವುದಿಲ್ಲ.

ಯುರೋಪಿನ ಕಲ್ಲುನೆಲಗಳಲ್ಲಿ ಬದುಕುವ ಒಂದು ಮಿಡತೆಯ ಬಗ್ಗೆ ತಿಳಿದಷ್ಟೂ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಜೀವವಿಜ್ಞಾನಿ ಲಿನೇಯಸ್ 1758ರಷ್ಟು ಹಿಂದೆಯೇ ಹೆಸರಿಟ್ಟ ಅದನ್ನು ವಿಜ್ಞಾನಿಗಳು ಈಡಿಪೋಡಾ ಸೆರುಲೆಸೆನ್ಸ್ ಎಂದು ಕರೆಯುತ್ತಾರೆ. ನಾವು ನೀಲಿರೆಕ್ಕೆಯ ಮಿಡತೆ ಎಂದರೆ ಸಾಕು. ಹೆಣ್ಣು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಗಂಡು ಅದಕ್ಕಿಂತ ಚಿಕ್ಕದು. ಹುಲ್ಲು ದಟ್ಟವಾಗಿ ಬೆಳೆದ ಕಡೆ ಅದು ನಿಲ್ಲುವುದಿಲ್ಲ. ಬಿಸಿಲಿಗೆ ಕಾದ ಬೋಳು ದಿಬ್ಬ, ಕೈಬಿಟ್ಟ ಕಲ್ಲುಕ್ವಾರಿ, ರೈಲು ಹಳಿಯ ಜಲ್ಲಿಹಾಸು ಇಂಥವೇ ಅದರ ಊರು. ಜರ್ಮನಿಯಲ್ಲಿ ಅದಕ್ಕೆ ಕಾನೂನಿನ ರಕ್ಷಣೆಯಿದೆ. ಬೋಳು ನೆಲದ ಮೇಲೆ ಪೊದೆ ಹಬ್ಬಿತೆಂದರೆ ಅದರ ಮನೆ ಹೋಯಿತು. ನಮ್ಮ ಕಣ್ಣಿಗೆ ಪಾಳು ಎನಿಸುವ ಜಾಗವೇ ಅದರ ಬಾಳು.

ಕಲ್ಲಿನ ಮೇಲೆ ಕೂತ ಈ ಮಿಡತೆಯನ್ನು ಗುರುತಿಸುವುದು ಕಷ್ಟ. ಸುಣ್ಣಕಲ್ಲಿನ ನೆಲದಲ್ಲಿ ಬಿಳುಚು, ಕೆಮ್ಮಣ್ಣಿನಲ್ಲಿ ಕೆಂಗಂದು, ಕಪ್ಪು ಜಲ್ಲಿಯಲ್ಲಿ ಹೆಚ್ಚುಕಡಿಮೆ ಕರಿ. ಮುಂದಿನ ರೆಕ್ಕೆಯ ಮೇಲಿನ ಗಾಢ ಪಟ್ಟೆಗಳು ಮೈಯ ಅಂಚನ್ನು ತುಂಡುತುಂಡು ಮಾಡುತ್ತವೆ, ಹಾಗಾಗಿ ನೋಡುವ ಕಣ್ಣಿಗೆ ಒಂದು ಪೂರ್ತಿ ಹುಳು ಸಿಗುವುದೇ ಇಲ್ಲ. ಕಾಲು ಇನ್ನೇನು ಮೇಲೆ ಬಿತ್ತು ಎನ್ನುವವರೆಗೂ ಅದು ಅಲ್ಲಾಡುವುದಿಲ್ಲ. ಎದ್ದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಅಷ್ಟು ಹೊತ್ತು ಮಡಿಚಿಟ್ಟಿದ್ದ ಹಿಂದಿನ ರೆಕ್ಕೆ ಕಪ್ಪು ಪಟ್ಟಿಯ ತಿಳಿನೀಲಿ! ನಾಲ್ಕಾರು ಮೀಟರ್ ಹಾರಿ, ಇಳಿಯುವ ಮೊದಲು ಥಟ್ಟನೆ ದಿಕ್ಕು ಬದಲಿಸಿ, ನೆಲ ಮುಟ್ಟಿದ ಕ್ಷಣ ನೀಲಿಯನ್ನು ಮಡಿಚಿಬಿಡುತ್ತದೆ. ಬೆನ್ನಟ್ಟಿದ ಹಕ್ಕಿ ನೀಲಿಯನ್ನು ಹುಡುಕುತ್ತಿರುತ್ತದೆ, ಎದುರಿಗಿರುವುದು ಬರಿಯ ಕಲ್ಲು.

ಮೈಯ ಈ ಕಲ್ಲುಬಣ್ಣ ಹುಟ್ಟಿನಿಂದ ಪಡೆದದ್ದಷ್ಟೇ ಅಲ್ಲ. ಮರಿಯಾಗಿದ್ದಾಗ ಪ್ರತಿ ಸಲ ಪೊರೆ ಕಳಚುವಾಗಲೂ ಅದರ ಮೈ ಸುತ್ತಲಿನ ನೆಲದ ಬಣ್ಣದ ಕಡೆಗೆ ವಾಲುತ್ತದೆ. ಕೊನೆಯ ಪೊರೆ ಬಿಟ್ಟು ಬೆಳೆದ ಮೇಲೆ ಬದಲಾವಣೆಗೆ ಅಷ್ಟು ಎಡೆಯಿಲ್ಲ. ಆಮೇಲೆ ಉಳಿಯುವ ದಾರಿ, ತನ್ನ ಮೈಗೆ ಹೊಂದುವ ನೆಲವನ್ನು ಆರಿಸಿಕೊಳ್ಳುವುದು. ಸ್ಪೇನಿನ ಸೆವಿಲ್ ನಗರದಲ್ಲಿ ಇದರ ಹತ್ತಿರದ ನಂಟಿನ ಸ್ಫಿಂಗೊನೋಟಸ್ ಎಂಬ ಮಿಡತೆಗಳು ಡಾಂಬರು ಮತ್ತು ಕಾಲುದಾರಿಯ ಹಾಸುಗಲ್ಲುಗಳ ಮೇಲೆಯೇ ಬದುಕುತ್ತವೆ. ತಮ್ಮ ಬಣ್ಣಕ್ಕೆ ಒಪ್ಪುವ ಹಾಸಿನ ಕಡೆಗೇ ಅವು ಸರಿಯುತ್ತವೆ ಎಂದು ಅಲ್ಲಿನ ಸಂಶೋಧಕರು ಕಂಡುಕೊಂಡಿದ್ದಾರೆ.

ಹೊಂದಿಕೆಗೆ ಹಾಗಾದರೆ ಎರಡು ದಾರಿ: ಜಾಗಕ್ಕೆ ತಕ್ಕಂತೆ ಮೈ ಬದಲಿಸುವುದು, ಮೈಗೆ ತಕ್ಕ ಜಾಗ ಹುಡುಕುವುದು. ಮಿಡತೆಗೆ ಎರಡೂ ಗೊತ್ತು. ನಾವು ಮಕ್ಕಳಿಗೆ ಕಲಿಸುವುದು ಮೊದಲನೆಯದನ್ನಷ್ಟೇ. ‘ಹೊಂದಿಕೊಂಡು ಹೋಗು’ ಎಂಬ ಮಾತು ಮದುವೆಯಾಗಿ ಹೋಗುವ ಹುಡುಗಿಗೆ, ಹಾಸ್ಟೆಲ್ ಸೇರುವ ಹುಡುಗನಿಗೆ, ಕೆಲಸಕ್ಕೆ ಸೇರಿದವರಿಗೆ ತಪ್ಪದೆ ಸಿಗುತ್ತದೆ. ನಿನಗೆ ಹೊಂದದ ನೆಲವಾದರೆ ಎದ್ದು ಬಾ, ಬೇರೆ ಕಲ್ಲು ನೋಡೋಣ ಎನ್ನುವವರು ಕಡಿಮೆ. ನಲವತ್ತು ದಾಟಿದವರಿಗೂ ಪೊರೆ ಕಳಚು ಎಂದು ಹೇಳುತ್ತಲೇ ಇರುತ್ತೇವೆ.

ಈ ಹೊಂದಿಕೆಯ ಹಿಂದಿರುವ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಿಡತೆ ನೆಲದ ಬಣ್ಣಕ್ಕೆ ಹೊಂದುವುದು ಬೇಟೆಯಾಡುವ ಕಣ್ಣಿನಿಂದ ತಪ್ಪಿಸಿಕೊಳ್ಳಲು. ಎಂದರೆ ಹೊಂದಿಕೆ ನೆಲದ ಬಣ್ಣವನ್ನಷ್ಟೇ ಅಲ್ಲ, ಭಯವನ್ನೂ ಹೇಳುತ್ತದೆ. ಎಲ್ಲ ಮಿಡತೆಗಳೂ ಕಲ್ಲಿನಂತೆಯೇ ಕಾಣುವ ನೆಲದ ಮೇಲೆ ಕೊಕ್ಕುಗಳು ಹಾರಾಡುತ್ತಿವೆ ಎಂದರ್ಥ.

ಧಾರವಾಡದ ಕಡೆಯ ಹುಡುಗನೊಬ್ಬ ಬೆಂಗಳೂರಿನ ಕಚೇರಿಯಲ್ಲಿ ಕೂತಿದ್ದಾನೆ ಎನ್ನಿ. ಅವನ ಕನ್ನಡವನ್ನು ಯಾರೋ ಒಂದೆರಡು ಸಲ ಅಣಕಿಸಿದ್ದಾರೆ, ನಗುನಗುತ್ತಲೇ. ಈಗ ಅವನು ಎಲ್ಲರಂತೆ ಮಾತಾಡುತ್ತಾನೆ. ಊರಿನಿಂದ ಫೋನು ಬಂದರೆ ಮೆಟ್ಟಿಲ ಕಡೆ ಹೋಗಿ ‘ಯವ್ವಾ, ಊಟಾ ಆತೇನು?’ ಎನ್ನುತ್ತಾನೆ. ಒಳಗೆ ಬಂದಾಗ ಆ ರೆಕ್ಕೆ ಮಡಿಚಿರುತ್ತದೆ. ಬಾಡಿಗೆ ಮನೆ ಕೇಳಲು ಹೋದ ದಂಪತಿ ‘ನೀವು ಯಾವ ಜನ?’ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಹೊಂದಿಸಿಟ್ಟುಕೊಂಡಿರುತ್ತಾರೆ, ಸಾರು ಕುದಿಯುವ ವಾಸನೆ ಬೀದಿಗೆ ಬಾರದಂತೆ ಕಿಟಕಿ ಮುಚ್ಚಿ ಅಡುಗೆ ಮಾಡುತ್ತಾರೆ. ಅಪ್ಪ ಮನೆಗೆ ಬಂದ ಸದ್ದಿಗೇ ಮಕ್ಕಳೆಲ್ಲ ಪುಸ್ತಕದ ಬಣ್ಣಕ್ಕೆ ತಿರುಗುತ್ತಾರೆ. ಇವರನ್ನೆಲ್ಲ ಸುಳ್ಳುಗಾರರು ಎನ್ನಬಹುದು. ಆ ಕಚೇರಿಯವರು ನಮ್ಮದು ಒಂದೇ ಕುಟುಂಬ ಎನ್ನುತ್ತಾರೆ, ಮನೆಯೊಡೆಯರು ಒಳ್ಳೆಯ ಬಾಡಿಗೆದಾರರು ಸಿಕ್ಕರು ಎನ್ನುತ್ತಾರೆ, ಅಪ್ಪ ಮಕ್ಕಳಿಗೆ ಶಿಸ್ತಿದೆ ಎನ್ನುತ್ತಾನೆ.

ಎಲ್ಲ ಹೊಂದಿಕೆಯೂ ಭಯದ್ದಲ್ಲ, ನಿಜ. ಸಾವಿನ ಮನೆಯಲ್ಲಿ ದನಿ ತಗ್ಗಿಸುತ್ತೇವೆ, ಹಿರಿಯರ ಪಂಕ್ತಿಯಲ್ಲಿ ಅವರ ವೇಗಕ್ಕೆ ಉಣ್ಣುತ್ತೇವೆ. ಅಲ್ಲಿ ಬಗ್ಗಿದವನಿಗೆ ಏನೂ ಕಡಿಮೆಯಾಗುವುದಿಲ್ಲ, ಹೊರಗೆ ಬಂದು ಮೊದಲಿನಂತಾಗಲು ಅವನಿಗೆ ಯಾರ ಅಪ್ಪಣೆಯೂ ಬೇಡ. ವ್ಯತ್ಯಾಸ ತಿಳಿಯಲು ಒಂದೇ ಪರೀಕ್ಷೆ ಸಾಕು: ಮಡಿಚಿದ್ದನ್ನು ನಮ್ಮೆದುರೇ ಬಿಚ್ಚಿದವರಿಗೆ ಏನಾದರೂ ನಷ್ಟವಾಗುತ್ತದೆಯೇ? ಆಗುವುದಾದರೆ ಅದು ಸೌಜನ್ಯವಲ್ಲ, ಆತ್ಮರಕ್ಷಣೆ.

ಹಕ್ಕಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ಅದಕ್ಕೂ ಗೂಡಿನಲ್ಲಿ ಮರಿಗಳಿವೆ, ಮಿಡತೆ ತಿನ್ನದೆ ಬೇರೆ ಗತಿಯಿಲ್ಲ. ಮಿಡತೆಯಲ್ಲೂ ಕಪಟವಿಲ್ಲ, ತಾನು ಅಡಗಿದ್ದೇನೆಂಬುದೂ ಅದಕ್ಕೆ ತಿಳಿದಿರಲಾರದು. ಮನುಷ್ಯರ ನಡುವೆ ಮಾತ್ರ ಕೊಕ್ಕು ಹುಟ್ಟಿನಿಂದ ಬಂದದ್ದಲ್ಲ. ಅದು ಮೇಜಿನ ಆ ಕಡೆ ಕೂತಾಗ, ಬೀಗದ ಕೈ ನಮ್ಮ ಹತ್ತಿರ ಇದ್ದಾಗ, ಅಂಕ ಹಾಕುವ ಪೆನ್ನು ಹಿಡಿದಾಗ ಮೂಡುತ್ತದೆ. ಒಂದೇ ದಿನದಲ್ಲಿ ನಾವು ಕಚೇರಿಯಲ್ಲಿ ಮಿಡತೆಯಾಗಿದ್ದು ಸಂಜೆ ಮನೆಯಲ್ಲಿ ಹಕ್ಕಿಯಾಗಬಲ್ಲೆವು. ಹೊರಗೆ ಬಣ್ಣ ಮಡಿಚಿ ಬಂದ ಸಿಟ್ಟನ್ನು ಒಳಗಿನವರ ಮೇಲೆ ಕುಕ್ಕುವುದು ನಮಗೆ ಹೊಸದೇನಲ್ಲ.

ಧೈರ್ಯದಿಂದ ನಿನ್ನ ಬಣ್ಣ ತೋರಿಸು ಎಂದು ಅಡಗಿದವರಿಗೆ ಉಪದೇಶಿಸುವುದು ನನಗೆ ಅರ್ಧ ನ್ಯಾಯವೆನಿಸುತ್ತದೆ. ತೋರಿಸಿದವರಿಗೆ ಬೀಳುವ ಪೆಟ್ಟನ್ನು ಉಪದೇಶಕರು ಹೊರುವುದಿಲ್ಲ. ಮೊದಲ ಹೊಣೆ ಪೆಟ್ಟು ಕೊಡಬಲ್ಲವರದು. ನಮ್ಮ ಮುಂದೆ ಎಲ್ಲರೂ ತಲೆಯಾಡಿಸುತ್ತಿದ್ದರೆ, ಎಲ್ಲರ ಅಭಿಪ್ರಾಯವೂ ನಮ್ಮದರಂತೆಯೇ ಇದ್ದರೆ, ಅದನ್ನು ಒಗ್ಗಟ್ಟೆಂದು ಲೆಕ್ಕಕ್ಕೆ ಬರೆದುಕೊಳ್ಳುವ ಮೊದಲು ಹಿಂದಿನ ಸಲ ಬೇರೆ ಮಾತಾಡಿದವರಿಗೆ ನಾವು ಏನು ಮಾಡಿದೆವು ಎಂದು ನೆನಪಿಸಿಕೊಳ್ಳಬೇಕು. ಅದಕ್ಕೆ ಉತ್ತರ ಸಿಕ್ಕ ಮೇಲೆ ಅವರ ಬಣ್ಣದ ಬಗ್ಗೆ ಮಾತಾಡುವ ಹಕ್ಕು ನಮಗೆ ಎಷ್ಟಿದೆ ಎಂಬುದೂ ತಿಳಿಯುತ್ತದೆ.