ಮಕ್ಕಳು ಮರೆತುಬಿಡ್ತಾವೆ

ಕ್ಯಾಲಿಫೋರ್ನಿಯದ ಲಿವರ್‌ಮೋರಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೆ ಅಲ್ಲಿನ ಕಲ್ಲುಕ್ವಾರಿಯ ಕಥೆ ಗೊತ್ತಿರಲಾರದು. 1976ರ ಜುಲೈನಲ್ಲಿ ಚೌಚಿಲ್ಲಾ ಊರಿನ 26 ಶಾಲಾಮಕ್ಕಳನ್ನು ಬಸ್ ಡ್ರೈವರ್ ಸಮೇತ ಅಪಹರಿಸಿ, ಆ ಕ್ವಾರಿಯಲ್ಲಿ ಹೂತಿಟ್ಟಿದ್ದ ಲಾರಿಯೊಳಗೆ ಇಳಿಸಿದರು. ಸುಮಾರು 16 ಗಂಟೆಯ ಮೇಲೆ, ಹಾಸಿಗೆ ಪೇರಿಸಿ, ಮೇಲಿನ ಮುಚ್ಚಳ ಸರಿಸಿ ಎಲ್ಲರೂ ಜೀವಂತ ಹೊರಬಂದರು. 26ರಲ್ಲಿ ಒಂದು ಮಗುವಿಗೆ ತೊಂದರೆಯಾದೀತು ಅಷ್ಟೇ ಎಂದು ವೈದ್ಯರೊಬ್ಬರು ಊರವರಿಗೆ ಹೇಳಿದರಂತೆ. ಆ ಒಂದು ತನ್ನದೇ ಎಂದು ಯಾವ ತಾಯಿ ಒಪ್ಪಿಯಾಳು?

ಐದು ತಿಂಗಳಾದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಮಕ್ಕಳ ಮನೋವೈದ್ಯೆ ಲೆನೋರ್ ಟೆರ್ ಅಲ್ಲಿಗೆ ಹೋದರು. ಮಾತಾಡಿಸಿದ ಅಷ್ಟೂ ಮಕ್ಕಳೊಳಗೆ ಆ ಆಘಾತ ಉಳಿದಿತ್ತು. ನಾಲ್ಕೈದು ವರ್ಷ ಬಿಟ್ಟು ಹೋದಾಗಲೂ ಇತ್ತು. ಅವರು ಮಕ್ಕಳ ಆಟವನ್ನೂ ಗಮನಿಸಿದರು. ನಗುವಿಲ್ಲದ, ಮುಗಿಯದ, ಮತ್ತೆ ಮತ್ತೆ ಅದೇ ಆಟ. ಆಘಾತದ ನಂತರ ಉಳಿಯುವ ಇಂಥ ತೊಂದರೆಯ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋರೋಗಗಳ ಕೈಪಿಡಿಗೆ ಸೇರಿದ್ದೇ 1980ರಲ್ಲಿ.

ಇದನ್ನೆಲ್ಲ ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಕಣ್ಣಾರೆ ಕಂಡದ್ದು ನಮ್ಮವರದೇ ಒಂದು ಮನೆಯ ಹುಡುಗನಲ್ಲಿ. ಫ್ರೀವೇಯಲ್ಲಿ ಅಪಘಾತ. ಹಿಂದಿನ ಸೀಟಿನಲ್ಲಿದ್ದ ಐದು ವರ್ಷದವನಿಗೆ ಒಂದು ತರಚುಗಾಯವೂ ಇಲ್ಲ, ಆದರೆ ದಿನಾ ಬೆಳಗ್ಗೆ ಹೊಟ್ಟೆನೋವು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮುಗಿಸಿ ಕೊನೆಗೆ ನನ್ನಲ್ಲಿಗೆ ಬಂದರು. (ಕೊನೆಗೇ ಬರುವುದು ನಮ್ಮವರ ವಾಡಿಕೆ.) ಹುಡುಗ ಆಟದ ಕಾರನ್ನೆತ್ತಿ ಗೋಡೆಗೆ ಗುದ್ದಿಸಿದ. ಮತ್ತೆ ಗುದ್ದಿಸಿದ. ಬಾಯಲ್ಲಿ ಒಂದು ಸದ್ದಿಲ್ಲ.

"ಆಡ್ಕೊಂಡೇ ಇದಾನೆ ನೋಡಿ. ಮಕ್ಕಳು ಮರೆತುಬಿಡ್ತಾವೆ" ಅಂದರು ಅಪ್ಪ.

2013ರಿಂದ ಅದೇ ಮನೋರೋಗಗಳ ಕೈಪಿಡಿಯಲ್ಲಿ 16 ಪ್ರಶ್ನೆಗಳ ಒಂದು ಸಂದರ್ಶನವಿದೆ. ಈ ತೊಂದರೆಗೆ ನಿಮ್ಮವರು ಏನನ್ನುತ್ತಾರೆ, ಯಾತರಿಂದ ಬಂತು ಅನ್ನುತ್ತಾರೆ ಎಂದು ಕೇಳುವಂಥದ್ದು. ನಾನು ಕೇಳುವ ಮೊದಲೇ ಮೂಲೆಯಲ್ಲಿದ್ದ ಅಜ್ಜಿ ಉತ್ತರ ಕೊಟ್ಟರು. "ಮಗು ಬೆಚ್ಚಿದೆ, ಡಾಕ್ಟ್ರೇ. ಉಪ್ಪು ಮೆಣಸಿನಕಾಯಿ ನಿವಾಳಿಸ್ತೀನಿ ಅಂದ್ರೆ ಇವರು ಬೈತಾರೆ."

"ನಿವಾಳಿಸಿ ಅಮ್ಮಾ. ವಾರಕ್ಕೊಂದು ಸಲ ಇಲ್ಲಿಗೂ ಕರ್ಕೊಂಡು ಬನ್ನಿ."

ನಿವಾಳಿಸಿದ್ದಕ್ಕೆ ವಾಸಿಯಾಯಿತು ಎನ್ನುತ್ತಿಲ್ಲ. ಮನೆಯಲ್ಲಿ ರೋಗವನ್ನು ಸರಿಯಾಗಿ ಕಂಡಿದ್ದವರು ಅವರೊಬ್ಬರೇ, ಅವರನ್ನು ಕಳೆದುಕೊಳ್ಳುವುದು ನನಗೆ ಬೇಕಿರಲಿಲ್ಲ.

ಎಂಟನೆಯ ವಾರ ಹುಡುಗ ಕಾರನ್ನು ಗೋಡೆಯ ಹತ್ತಿರ ತಂದು, ಬಾಯಲ್ಲೇ ಕಿರ್ರ್ ಎಂದು ಬ್ರೇಕ್ ಹಾಕಿದ. ಅಜ್ಜಿ ಪರ್ಸಿನಿಂದ ಕಲ್ಲುಸಕ್ಕರೆ ತೆಗೆದು ಮೊದಲು ನನ್ನ ಕೈಗಿಟ್ಟರು.