ಉಡಿ ಯಾರಿಗೆ ತುಂಬಬೇಕು?

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾದಾಮಿಯ ಅರಿವೆ ಅಂಗಡಿಗಳಲ್ಲಿ ಖಣದ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಪುಷ್ಯ ಮಾಸದ ಆ ಹುಣ್ಣಿಮೆಯಂದು ಊರಿನಿಂದ ಐದು ಕಿಲೊಮೀಟರ್ ಆಚೆ, ಚೊಳಚಗುಡ್ಡದ ಬನಶಂಕರಿಯ ತೇರು. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಲೆ ಕೊಟ್ಟು ಜಗತ್ತಿನ ಹಸಿವೆ ನೀಗಿಸಿದ ಶಾಕಂಭರಿ ಈಕೆ. ಮಳೆಯನ್ನು ನಂಬಿ ಕೆಡುವ ಈ ಬಯಲುಸೀಮೆಗೆ ಇದಕ್ಕಿಂತ ತಕ್ಕ ದೇವಿ ಬೇರೆ ಇರಲಿಕ್ಕಿಲ್ಲ. ಆಕೆಯ ಮುಂದೆ ಸಾಲುಗಟ್ಟುವ ಹೆಂಗಸರ ಕೈಯಲ್ಲಿ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು, ಎಲೆ ಅಡಿಕೆ ಇರುತ್ತವೆ. ದೇವಿಗೆ ಉಡಿ ತುಂಬಿದ ಮೇಲೆ ತಮ್ಮತಮ್ಮಲ್ಲೂ ಉಡಿ ತುಂಬಿಕೊಳ್ಳುತ್ತಾರೆ. ಸೆರಗೊಡ್ಡಿ ನಿಂತಾಕೆ ಅಷ್ಟು ಹೊತ್ತು ದೇವಿಯೇ ಆಗಿರುತ್ತಾಳೆ.

ಸಾಲಿನಲ್ಲಿ ಗಂಡನನ್ನು ಕಳೆದುಕೊಂಡವಳು ಮಾತ್ರ ತುಸು ಹಿಂದೆ ಸರಿದು ನಿಲ್ಲುತ್ತಾಳೆ. ಯಾರೂ ಆಕೆಯನ್ನು ತಳ್ಳಿರುವುದಿಲ್ಲ. ತಾನಾಗಿಯೇ ಸರಿಯುವುದನ್ನು ಆಕೆ ಎಂದೋ ಕಲಿತಿರುತ್ತಾಳೆ. ಹಾಗೆ ಸರಿಯಬೇಕೆಂದು ದೇವಿ ಕೇಳಿದಳೇ, ಉಡಿ ತುಂಬುವ ಪದ್ಧತಿ ಕೇಳುತ್ತದೆಯೇ ಎಂಬ ಪ್ರಶ್ನೆಯನ್ನು ಈ ನಾಡು ತನ್ನ ಆಚಾರಗಳನ್ನು ಮುಂದಿಟ್ಟುಕೊಂಡೇ ಕೇಳಿಕೊಳ್ಳಬಹುದು.

ಸೆರಗಿನಿಂದಲೇ ಶುರು ಮಾಡಬಹುದು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದ ಮೇಲೇ ಕೂಡಿಸುತ್ತಾರೆ. ಕೆಂಪು ಬಿಳಿಯ ಟೋಪಿ ತೆನಿ ಸೆರಗು, ಗೋಮಿ, ಗಾಡಿ, ಚಿಕ್ಕಿಪರಾಸ್ ದಡಿಗಳನ್ನು ನೋಡಿದರೆ ಸಾಕು, ಇದು ಇಳಕಲ್ಲಿನದೆಂದು ದೂರದಿಂದಲೇ ಗೊತ್ತಾಗುತ್ತದೆ. ಸೀರೆಯ ಜೋಡಿ ಗುಳೇದಗುಡ್ಡದ ಖಣ. ಅದರ ಪುಟ್ಟ ಬುಟ್ಟಾಗಳಿಗೆ ತೇರು, ಆನೆ ಹೆಜ್ಜೆ, ಸಿದ್ಧೇಶ್ವರ ಮುಖ ಎಂಬ ಹೆಸರುಗಳಿವೆ. ದೇವರನ್ನೂ ಜಾತ್ರೆಯನ್ನೂ ರವಿಕೆಯ ಮೇಲೆ ನೇಯ್ದುಕೊಂಡ ಜನ ಇವರು. ನೇಕಾರರಲ್ಲಿ ದೇವಾಂಗದವರಿಗಂತೂ ಬನಶಂಕರಿ ಕುಲದೇವತೆ.

ಇಲ್ಲಿ ಬದುಕಿನ ಮುಖ್ಯ ತಿರುವುಗಳೆಲ್ಲ ಅರಿವೆಯ ಮೂಲಕವೇ ಹಾಯುತ್ತವೆ. ಚೊಚ್ಚಲ ಬಸುರಿಗೆ ಕುಬಸ ಮಾಡುವಾಗ ಹಸಿರು ಸೀರೆ, ಹಸಿರು ಖಣ, ಹಸಿರು ಬಳೆ. ಹೆರಿಗೆ ಮುಗಿಸಿ ಗಂಡನ ಮನೆಗೆ ಹೊರಟ ಮಗಳಿಗೆ ಮತ್ತೆ ಉಡಿ. ಮನುಷ್ಯರಿಗಷ್ಟೇ ಅಲ್ಲ, ಸೀಗಿ ಹುಣ್ಣಿಮೆಯಲ್ಲಿ ತೆನೆಗಟ್ಟುತ್ತಿರುವ ಹೊಲವನ್ನು ಬಸುರಿಯೆಂದು ಭಾವಿಸಿ ಹುನಗುಂದ, ಬಾದಾಮಿಯ ರೈತರ ಮನೆಯವರು ಭೂಮಿತಾಯಿಗೆ ಉಡಿ ತುಂಬುತ್ತಾರೆ, ಚರಗ ಚೆಲ್ಲುತ್ತಾರೆ. ಮಲಪ್ರಭೆಗೂ ಕೃಷ್ಣೆಗೂ ಉಡಿ ಸಲ್ಲುತ್ತದೆ. ಬೇಸಿಗೆಯಲ್ಲಿ ಮಲಪ್ರಭೆ ಮರಳಾಗಿ ಮಲಗಿರುತ್ತಾಳೆ, ಎರೆಹೊಲ ಮೊಳಕಾಲುದ್ದ ಬಿರುಕು ಬಿಟ್ಟಿರುತ್ತದೆ. ಆದರೂ ಅವುಗಳನ್ನು ಅಮಂಗಳವೆಂದು ಯಾರೂ ಮೂಲೆಗೆ ಕೂರಿಸಿಲ್ಲ. ಬರಿದಾದದ್ದು ತುಂಬಲಿ ಎಂಬುದೇ ಉಡಿಯ ಹಿಂದಿನ ಹರಕೆ. ಹಾಗಿದ್ದ ಮೇಲೆ, ಬದುಕು ಬರಿದಾಯಿತೆಂದು ಅಳುವ ಹೆಂಗಸಿಗೇ ಆ ಹಿಡಿ ಅಕ್ಕಿಯನ್ನು ತಪ್ಪಿಸುವುದು ಆಚಾರದ ತಿರುಳಿಗೇ ಎದುರಾಗಿ ನಡೆದಂತೆ.

ಸವದತ್ತಿಯ ಎಲ್ಲಮ್ಮನ ಕತೆ ಇನ್ನೂ ನೇರ. ಬಾಗಲಕೋಟೆ ಸೀಮೆಯ ಮನೆಮನೆಗೂ ಆಕೆ ಬೇಕಾದವಳು. ಗಂಡ ಜಮದಗ್ನಿ ತೀರಿಕೊಂಡನೆಂದು ಹೊಸ್ತಿಲ ಹುಣ್ಣಿಮೆಯಂದು ಆಕೆಯ ಹೆಸರಿನಲ್ಲಿ ಬಳೆ ಒಡೆಯುವ ಪದ್ಧತಿಯಿದೆ. ಜನ ಆ ದಿನವನ್ನು ರಂಡಿ ಹುಣ್ಣಿಮೆ ಎಂದೇ ಕರೆದರು. ಮಾಘದ ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ. ಈ ಎರಡರ ನಡುವೆ ಬರುವುದೇ ಬನದ ಹುಣ್ಣಿಮೆ. ಆಗಲೂ ಎಲ್ಲಮ್ಮನ ಗುಡ್ಡದಲ್ಲಿ ಜನ ಕಡಿಮೆಯಾಗುವುದಿಲ್ಲ, ಬಂಡಿಗಳು ಹೊರಡುತ್ತಲೇ ಇರುತ್ತವೆ. ಗಂಡನಿಲ್ಲದ ದೇವಿಯ ಮುಂದೆ ಉಧೋ ಎನ್ನುವ ಬಾಯಿಯೇ ಮನೆಯಲ್ಲಿರುವ ವಿಧವೆ ಅತ್ತಿಗೆಗೆ ‘ನೀ ಸ್ವಲ್ಪ ಆಚೆ ಇರವ್ವ’ ಎನ್ನುತ್ತದೆ.

ಮುತ್ತೈದೆತನದ ಹಂಬಲ ಇಲ್ಲಿ ಇನ್ನೊಂದು ಅನ್ಯಾಯಕ್ಕೂ ನೆರವಾಯಿತು. ದೇವರಿಗೆ ಮುತ್ತು ಕಟ್ಟಿದವಳಿಗೆ ವೈಧವ್ಯವಿಲ್ಲ, ಆಕೆ ನಿತ್ಯಸುಮಂಗಲಿ ಎಂಬ ಗೌರವದ ಮಾತಿನ ಮರೆಯಲ್ಲಿ ಬಡ ದಲಿತ ಹುಡುಗಿಯರನ್ನು ದೇವದಾಸಿಯರನ್ನಾಗಿ ಮಾಡಲಾಯಿತು. ಕರ್ನಾಟಕ ಅದನ್ನು ನಿಷೇಧಿಸುವ ಕಾಯ್ದೆ ಮಾಡಿದ್ದು 1982ರಲ್ಲಿ. ಮಂಗಳವನ್ನು ತಾಳಿಗೆ ಮಾತ್ರ ಗಂಟು ಹಾಕಿದರೆ ಎರಡೂ ಕಡೆ ನೋಯುವವಳು ಹೆಣ್ಣೇ.

ಹಾಗೆಂದು ಈ ಸೀಮೆಯ ಆಚಾರವೆಲ್ಲ ಕಲ್ಲೆದೆಯದೆಂದು ತಿಳಿಯಬಾರದು. 1884ರ ಬಿಜಾಪುರ ಜಿಲ್ಲಾ ಗೆಜೆಟಿಯರ್ ಇಲ್ಲಿನ ಎಷ್ಟೋ ಜಾತಿಗಳಲ್ಲಿ ವಿಧವೆಯರ ಮರುಮದುವೆ ಇತ್ತೆಂದು ದಾಖಲಿಸಿದೆ. ಬಾಗಲಕೋಟೆ ಆಗ ಆ ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1997ರಲ್ಲಿ. ಹೊಸ ಸೀರೆ ಉಡಿಸಿ ಕೂಡಿಸುವ ಆ ಮರುಮದುವೆಗೆ ಉಡಿಕಿ ಎಂಬ ಹೆಸರಿತ್ತು. ಮೇಲ್ಜಾತಿಗಳಲ್ಲಿ ಸುಧಾರಕರು ಮರುಮದುವೆಗಾಗಿ ಹೋರಾಡುತ್ತಿದ್ದ ಕಾಲದಲ್ಲಿ ಇಲ್ಲಿನ ಒಕ್ಕಲು ಮನೆಗಳಲ್ಲಿ ಒಂದು ಸೀರೆಯಿಂದ ಆ ಕೆಲಸ ಆಗುತ್ತಿತ್ತು. ಆದರೆ ಉಡಿಕಿ ನಡೆಯುತ್ತಿದ್ದುದು ರಾತ್ರಿ ಹೊತ್ತು, ವಾಲಗವಿಲ್ಲದೆ. ಮುಂದೆ ಮನೆಯ ಮದುವೆಗಳಲ್ಲಿ ಆಕೆಗೆ ಮೊದಲ ಸಾಲು ಸಿಗುತ್ತಿರಲಿಲ್ಲ. ಸಂಸಾರ ಕೊಡಲು ಒಪ್ಪಿದ ಸಮಾಜ ಮಂಗಳ ಕೊಡಲು ಹಿಂದೆಮುಂದೆ ನೋಡಿತು.

ಹುನಗುಂದ ತಾಲ್ಲೂಕಿನ ಕೂಡಲಸಂಗಮ ಈ ಹಿಂಜರಿಕೆಗೆ ಹನ್ನೆರಡನೆಯ ಶತಮಾನದಲ್ಲೇ ಉತ್ತರ ಕೊಟ್ಟಿತ್ತು. ಬಸವಣ್ಣ ಐಕ್ಯನಾದನೆಂದು ಜನ ನಂಬುವ ನೆಲ ಇದು. ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಯಾವುದೂ ಲಿಂಗಕ್ಕೆ ಮೈಲಿಗೆಯಲ್ಲ ಎಂದರು. ಕೊರಳಲ್ಲಿ ಇಷ್ಟಲಿಂಗವಿದ್ದ ಹೆಣ್ಣಿಗೆ ದೇವರ ಬಳಿ ಹೋಗಲು ಗಂಡನ ಆಯುಷ್ಯದ ರಹದಾರಿ ಬೇಕಿಲ್ಲ. ಇದೇ ಸಂಗಮದ ಬಸವ ಧರ್ಮ ಪೀಠದಲ್ಲಿ, 1970ರಲ್ಲಿ ಮೊದಲ ಮಹಿಳಾ ಜಗದ್ಗುರುವೆನಿಸಿದ ಮಾತೆ ಮಹಾದೇವಿ 2019ರಲ್ಲಿ ತೀರಿಕೊಳ್ಳುವವರೆಗೂ ಕೂತಿದ್ದರು. ಆದರೂ ಎಷ್ಟೋ ಲಿಂಗಾಯತ ಮನೆಗಳಲ್ಲಿ ಕುಬಸದ ದಿನ ವಿಧವೆ ಅಜ್ಜಿ ಅಡುಗೆಮನೆಯಲ್ಲೇ ಉಳಿಯುತ್ತಾಳೆ. ವಚನ ಬಾಯಿಗೆ ಬಂದಷ್ಟು ಸಲೀಸಾಗಿ ಹಳೆಯ ಅಂಜಿಕೆ ಮನೆಯಿಂದ ಹೊರಗೆ ಹೋಗಲಿಲ್ಲ.

ಅಂಜಿಕೆ ಸುಳ್ಳಲ್ಲ. ಮಗಳ ಬಾಳಿಗೆ ಕೆಡುಕಾದೀತೆಂದು ಹೆದರುವ ತಾಯಿಯನ್ನು ಹಂಗಿಸಿ ಪ್ರಯೋಜನವಿಲ್ಲ. ಆದರೆ ಆ ತಾಯಿ ಒಂದನ್ನು ಯೋಚಿಸಬಹುದು. ಖಣ ಮಗ್ಗಕ್ಕೆ ಏರುವ ಮೊದಲು ನೂಲು ಹೆಂಗಸರ ಕೈಯಲ್ಲೇ ಹಾಯುತ್ತದೆ. ಇಳಕಲ್ಲ, ಗುಳೇದಗುಡ್ಡದ ಮನೆಗಳಲ್ಲಿ ಕಂಡಿಕೆ ಸುತ್ತುವವರಲ್ಲಿ ಮುತ್ತೈದೆಯರಿದ್ದಾರೆ, ಗಂಡನಿಲ್ಲದವರೂ ಇದ್ದಾರೆ. ಅವರ ಬೆರಳು ಮುಟ್ಟಿದ ನೂಲೇ ಬನಶಂಕರಿಯ ಮೈಮೇಲೆ ಸೀರೆಯಾಗುತ್ತದೆ, ಬಸುರಿಯ ಉಡಿಯಲ್ಲಿ ಖಣವಾಗುತ್ತದೆ. ನೂಲಿನಲ್ಲಿ ಇಲ್ಲದ ಮೈಲಿಗೆ ನೇಯ್ದ ಮೇಲೆ ಎಲ್ಲಿಂದ ಬಂತು?

ಬದಲಾವಣೆ ಆಗದ ಮಾತೇನಲ್ಲ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕಿಯರಾದರು. ಬೆಳಗಾವಿಯ ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಬಳೆ ಒಡೆಯುವ, ಕುಂಕುಮ ಅಳಿಸುವ, ಕಾಲುಂಗುರ ತೆಗೆಯುವ ಪದ್ಧತಿಗಳನ್ನು ಕೈಬಿಡಲು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಇದನ್ನು ಮಾದರಿಯಾಗಿ ತೋರಿಸಿ ಉಳಿದ ಪಂಚಾಯಿತಿಗಳಿಗೂ ಸುತ್ತೋಲೆ ಕಳಿಸಿತು.

ಉಡಿಗೆ ಠರಾವೂ ಬೇಕಿಲ್ಲ. ಇದು ಪೂಜಾರಿ ಮಾಡಿಸುವ ಕ್ರಿಯೆಯಲ್ಲ, ಇದಕ್ಕೆ ಮಂತ್ರವಿಲ್ಲ, ಮಠದ ಅಪ್ಪಣೆ ಬೇಡ. ಪಡಸಾಲೆಯಲ್ಲಿ ತಾಟು ಹಿಡಿದು ನಿಂತ ಹಿರಿಯಳು ಮುಂದೆ ಯಾರನ್ನು ಕರೆಯುತ್ತಾಳೋ ಅವರಿಗೆ ಉಡಿ ಬೀಳುತ್ತದೆ. ಈ ಆಚಾರ ಇರುವುದು ಹೆಂಗಸರ ಕೈಯಲ್ಲೇ. ಹೀಗಾಗಿ ಬನಶಂಕರಿಯ ಮುಂದಿನ ಜಾತ್ರೆಗೇ, ಅಥವಾ ಅದಕ್ಕೂ ಮೊದಲು ಮನೆಯ ಕುಬಸದಲ್ಲೇ, ಅಡುಗೆಮನೆಯ ಅಜ್ಜಿಯನ್ನು ಕರೆದು ಮಣೆಯ ಮೇಲೆ ಕೂಡಿಸುವ ಅಧಿಕಾರ ಪೂರ್ತಿಯಾಗಿ ಆ ಹಿರಿಯಳದೇ.