ಅನ್ನ ಹಳಸಿದ್ದು ಯಾರ ಮನೆಯಲ್ಲಿ?

2025ರ ಜುಲೈನಲ್ಲಿ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕುವ ಯೋಜನೆ ಮುಂದಿಟ್ಟಾಗ ಜಯನಗರದ ಪಾರ್ಕ್ ಬೆಂಚಿನಿಂದ ಟಿವಿ ಸ್ಟುಡಿಯೋವರೆಗೂ ಗದ್ದಲವೆದ್ದಿತು. ನಾಯಿಗೆ ದಿನಕ್ಕೆ 367 ಗ್ರಾಂ ಊಟ, ಅದಕ್ಕೆ 22 ರೂಪಾಯಿ 42 ಪೈಸೆ, ಒಟ್ಟು 2.88 ಕೋಟಿ. ಆ ಗದ್ದಲ ಅಡಗುವ ಮೊದಲೇ, ಆಗಸ್ಟ್ 11ರಂದು, ದೆಹಲಿ ಸುತ್ತಲಿನ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಸೇರಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿತು, 22ರಂದು ತಿದ್ದಿತು. ಊಟ ಹಾಕುವುದೋ, ಊರಿನಿಂದಲೇ ಎತ್ತಂಗಡಿ ಮಾಡುವುದೋ ಎಂಬ ಈ ಹಗ್ಗಜಗ್ಗಾಟದಲ್ಲಿ ಮತ್ತೆ ಮತ್ತೆ ನೆನಪಾಗುವುದು ಒಂದು ಹಳೆಯ ಗಾದೆ: ಅನ್ನ ಹಳಸಿತ್ತು, ನಾಯಿ ಹಸಿದಿತ್ತು.

ಇಬ್ಬರ ಗರಜೂ ಒಂದೇ ಹೊತ್ತಿಗೆ ಕೂಡಿಬಂದಾಗ ಜನ ಇದನ್ನು ಹೇಳುತ್ತಾರೆ. ಯಾರಿಗೂ ಬೇಡವಾದ ವರನಿಗೆ ಗತಿಯಿಲ್ಲದ ವಧು ಸಿಕ್ಕಳೆಂದು ಹಂಗಿಸಲೂ ಬಳಸುವುದುಂಟು. ಮೊದಲನೆಯ ಅರ್ಥ ಗಾದೆಯನ್ನು ಬರೀ ಕಾಕತಾಳೀಯಕ್ಕೆ ಇಳಿಸುತ್ತದೆ. ಎರಡನೆಯದರಲ್ಲಿ ಕುಹಕ ಬಿಟ್ಟರೆ ಬೇರೇನಿಲ್ಲ.

ಗಾದೆಯಲ್ಲಿ ಅನ್ನ ಇದೆ, ನಾಯಿ ಇದೆ. ಅನ್ನವನ್ನು ಹಳಸಲು ಬಿಟ್ಟವರ ಸುದ್ದಿಯೇ ಇಲ್ಲ. ಯಾರೋ ಬೇಕಾದ್ದಕ್ಕಿಂತ ಹೆಚ್ಚು ಬೇಯಿಸಿದ್ದಾರೆ, ಮಿಕ್ಕಿದ್ದನ್ನು ಬೀದಿಗೆ ಸುರಿದಿದ್ದಾರೆ. ಹಸಿದ ನಾಯಿ ಆ ಬಾಗಿಲಿಗೇ ಬಂದದ್ದೂ ಆಕಸ್ಮಿಕವಲ್ಲ, ನಿನ್ನೆಯೂ ಅದಕ್ಕೆ ಅಲ್ಲೇ ಸಿಕ್ಕಿತ್ತು. ಹೆಸರು ಹೇಳದೆ ಬಿಟ್ಟ ಆ ಮನೆಯವರನ್ನು ಈ ಗಾದೆ ಪ್ರಶ್ನಿಸುತ್ತಿದೆ.

ಬಿಟಿಎಂ ಲೇಔಟಿನ ಪಿ.ಜಿ. ಸಾಲುಗಳಲ್ಲಿ ರಾತ್ರಿ ಊಟ ಮುಗಿದ ಮೇಲೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಂಬಾರು ಕಲಸಿದ ಅನ್ನ ಪ್ಲಾಸ್ಟಿಕ್ ಚೀಲದಲ್ಲಿ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಬೀಳುತ್ತದೆ; ಬೆಳಿಗ್ಗೆ ಕಸದ ಆಟೋ ಬರುವಷ್ಟರಲ್ಲಿ ಚೀಲ ಹರಿದಿರುತ್ತದೆ. ಕೋಳಿ ಅಂಗಡಿಯ ತ್ಯಾಜ್ಯ ಬೀಳುವ ಮೂಲೆಯಲ್ಲಿ ಗುಂಪು ಇನ್ನೂ ದೊಡ್ಡದು, ಕಾದಾಟವೂ ಜೋರು. 2007ರ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದರು. ಆ ಸಂಕಟಕ್ಕೆ ಊರು ಕೊಟ್ಟ ಉತ್ತರವೆಂದರೆ ಸಿಕ್ಕಸಿಕ್ಕ ನಾಯಿಗಳನ್ನು ಹಿಡಿದು ಕೊಂದದ್ದು. ಮಕ್ಕಳ ಜೀವ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಂದು ಖಾಲಿ ಮಾಡಿದ ಬೀದಿಗೆ ಪಕ್ಕದ ಬೀದಿಯ ನಾಯಿ ಬಂದು ಸೇರುತ್ತದೆ, ಚುಚ್ಚುಮದ್ದು ಕಾಣದ ನಾಯಿ. ಅನ್ನ ಅಲ್ಲೇ ಹಳಸುತ್ತಿರುತ್ತದಲ್ಲ!

ಫಲ ಕೊಟ್ಟದ್ದು ಸಂತಾನಹರಣ ಶಸ್ತ್ರಚಿಕಿತ್ಸೆ. 2019ರ ಗಣತಿಯಲ್ಲಿ ಸುಮಾರು 3.10 ಲಕ್ಷವಿದ್ದ ನಗರದ ಬೀದಿನಾಯಿಗಳು 2023ರಲ್ಲಿ 2,79,335ಕ್ಕೆ ಇಳಿದವು. ಶಸ್ತ್ರಚಿಕಿತ್ಸೆಯಾದವುಗಳ ಪಾಲು ಶೇ 51ರಿಂದ ಶೇ 71ಕ್ಕೆ ಏರಿತು. 2023ರ ಗಣತಿಯಲ್ಲಿ ಬಿಬಿಎಂಪಿಯ ದಕ್ಷಿಣ ವಲಯವೊಂದರಲ್ಲೇ ಸಿಕ್ಕ ಲೆಕ್ಕ 23,241.

ಈ ಕೆಲಸಕ್ಕೆ ಮೊದಲು ನಾಯಿ ಕೈಗೆ ಸಿಗಬೇಕು. ಬಲೆ ಹಿಡಿದ ಅಪರಿಚಿತರನ್ನು ಕಂಡರೆ ಚರಂಡಿ ಸಂದಿಗೆ ನುಗ್ಗುವ ಹೆಣ್ಣುನಾಯಿ, ದಿನಾ ಅನ್ನ ಹಾಕುವವರು ಕರೆದರೆ ಬಾಲ ಆಡಿಸುತ್ತ ಬರುತ್ತದೆ. ಯಾವುದರ ಕಿವಿಯಲ್ಲಿ ಆಪರೇಷನ್ನಿನ ಕಚ್ಚು ಇಲ್ಲ, ಯಾವುದು ಮರಿ ಹಾಕಲಿದೆ, ಯಾವುದು ಮೊನ್ನೆಯಿಂದ ಕುಂಟುತ್ತಿದೆ, ಇವರಿಗೆ ಗೊತ್ತು. ಜೆ.ಪಿ. ನಗರದಲ್ಲೋ ಬನಶಂಕರಿಯಲ್ಲೋ ಡಬ್ಬಿ ಹಿಡಿದು ಹೊರಟ ಇಂಥವರನ್ನು ನೆರೆಹೊರೆಯವರು ಬೈಯುವುದು ಅನ್ಯಾಯ. ಬೀದಿಗೆ ಬಿಸಾಡಿದ ಅನ್ನ ನಾಯಿಗಳನ್ನು ಕಾದಾಡಿಸಿ ಕೆರಳಿಸುತ್ತದೆ. ಹೊತ್ತಿಗೆ ಸರಿಯಾಗಿ ಒಂದೆಡೆ ಇಟ್ಟ ಅನ್ನ ಪಳಗಿಸುತ್ತದೆ. ಪ್ರಾಣಿ ಸಂತಾನ ನಿಯಂತ್ರಣದ 2023ರ ನಿಯಮಗಳು ಕೂಡ ಊಟದ ಜಾಗ ಗುರುತಿಸುವ ಹೊಣೆಯನ್ನು ನಿವಾಸಿಗಳ ಸಂಘಗಳಿಗೇ ವಹಿಸಿವೆ, ಮಕ್ಕಳು ಆಡುವ ಕಡೆಯಿಂದ ದೂರವಿರಲಿ ಎಂಬ ಷರತ್ತಿನೊಂದಿಗೆ.

ನಾಯಿಗಳ ಮೇಲಿನ ಈ ಕಾಳಜಿಯೆಲ್ಲ ಪರದೇಶದವರ ಖಯಾಲಿ ಎನ್ನುವವರಿದ್ದಾರೆ. 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆ ಕಟ್ಟಿದ ಕ್ರಿಸ್ಟಲ್ ರಾಜರ್ಸ್ ಇಂಗ್ಲೆಂಡಿನವರು ನಿಜ. ಆದರೆ ಅದಕ್ಕೂ ಸಾವಿರ ವರ್ಷದ ಹಿಂದೆ, ಸುಮಾರು 949ರಲ್ಲಿ, ಮದ್ದೂರು ಬಳಿಯ ಆತಕೂರಿನಲ್ಲಿ ಮಣಲೆರನೆಂಬ ವೀರನು ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಗೆ ವೀರಗಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲು ಈಗ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಅನುಮಾನವಿದ್ದವರು ಹೋಗಿ ಓದಲಿ.

ಇನ್ನು ಶೆಲ್ಟರ್. ಇದ್ದಬದ್ದ ನಾಯಿಗಳನ್ನೆಲ್ಲ ತುಂಬುವ ದೊಡ್ಡಿ ಬೇಡವೇ ಬೇಡ; ಇಕ್ಕಟ್ಟಿನಲ್ಲಿ ಪಾರ್ವೊ, ಡಿಸ್ಟೆಂಪರ್‌ನಂಥ ರೋಗ ಹೊಕ್ಕರೆ ಮರಿಗಳು ಉಳಿಯುವುದಿಲ್ಲ. ಬೇಕಿರುವುದು ವಾಹನಕ್ಕೆ ಸಿಕ್ಕು ಸೊಂಟ ಮುರಿದವಕ್ಕೆ, ಮಾಲೀಕರು ಬೀದಿಗೆ ಬಿಟ್ಟುಹೋದ ಜಾತಿನಾಯಿಗಳಿಗೆ, ತಾಯಿಯಿಲ್ಲದ ಮರಿಗಳಿಗೆ, ಕಚ್ಚಿದ ಮೇಲೆ ಹತ್ತು ದಿನ ಕಣ್ಣಿಟ್ಟು ನೋಡಬೇಕಾದವಕ್ಕೆ ಒಂದು ಆಸ್ಪತ್ರೆ, ಜೊತೆಗೆ ಪ್ರತ್ಯೇಕ ವಾರ್ಡು. 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶದಂತೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ತೆಗೆದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡುವಂತಿಲ್ಲ. ಜಯನಗರದ ಜನರಲ್ ಆಸ್ಪತ್ರೆಗೂ ಬನಶಂಕರಿ ಬಸ್ ನಿಲ್ದಾಣಕ್ಕೂ ಇದು ಅನ್ವಯ. ಅವುಗಳಿಗೆ ಜಾಗವಂತೂ ಬೇಕೇ ಬೇಕು.

ಆ ಜಾಗ ಊರಂಚಿನ ನೈಸ್ ರಸ್ತೆಯಾಚೆಗೆ ಇದ್ದರೆ ಪ್ರಯೋಜನವಿಲ್ಲ. ನಾಯಿಯ ಗುರುತು ಬಲ್ಲವರು ಸಂಜೆ ಕೆಲಸ ಬಿಟ್ಟು ಬಂದು ಮದ್ದು ಹಾಕುವಷ್ಟು ಹತ್ತಿರ ಇರಬೇಕು. ದತ್ತು ಕೇಳುವ ಸಂಸಾರ ಮಕ್ಕಳನ್ನು ಕರೆದುಕೊಂಡು ಬಂದು ನೋಡುವಂತಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಬೆಂಗಳೂರು ದಕ್ಷಿಣ ನಗರ ಪಾಲಿಕೆ ತನ್ನ ವ್ಯಾಪ್ತಿಯೊಳಗೇ ಸರ್ಕಾರಿ ಜಮೀನು ಗುರುತಿಸಲಿ, ಪಶುವೈದ್ಯರ ಹುದ್ದೆ ತುಂಬಲಿ, ಖರ್ಚಿನ ಲೆಕ್ಕವನ್ನು ತಿಂಗಳು ತಿಂಗಳು ಬಾಗಿಲಲ್ಲೇ ಹಚ್ಚಲಿ. ಅದೇ ಬಜೆಟ್ಟಿನಲ್ಲಿ ಪಿ.ಜಿ. ಬೀದಿಗಳಿಗೂ ಕೋಳಿ ಅಂಗಡಿಗಳಿಗೂ ರಾತ್ರಿ ಪಾಳಿಯ ಕಸದ ಗಾಡಿಗೆ ಹಣ ಎತ್ತಿಡಲಿ.